ಮೊದಲ ತುತ್ತು

“ಮಾತ್ರೆಯನ್ನು ರೋಗಿಗೇ ಕೊಡಿ. ನಿಮ್ಮ ಕಣ್ಣೆದುರೇ ನುಂಗಿಸಿ. ಆಮೇಲೆ ಬಾಯಿ ತೆಗೆಸಿ, ನಾಲಿಗೆ ಎತ್ತಿಸಿ ನೋಡಿ,” ಎಂದರು ತರಬೇತಿ ಕೊಡಲು ಬಂದಿದ್ದ ಡಾಕ್ಟರಮ್ಮ. ಕನಕಪುರದ ಆ ಕುಡಿತ ಬಿಡಿಸುವ ಕ್ಲಿನಿಕ್ಕಿನ ಸಿಬ್ಬಂದಿಯೆಲ್ಲ ತಲೆಯಾಡಿಸಿದರು. ಎಲ್ಲರಿಗಿಂತ ಜೋರಾಗಿ ಆಡಿಸಿದವಳು ನರ್ಸ್ ಸರಸಮ್ಮ. ವರ್ಷಕ್ಕೊಮ್ಮೆ ಬರುವ ಈ ಸುರಕ್ಷತಾ ತರಬೇತಿ ಎಂದರೆ ಅವಳ ಪಾಲಿಗೆ ಬಿಸಿ ಬೋಂಡ, ಟೀ, ಕೊನೆಗೊಂದು ಗ್ರೂಪ್ ಫೋಟೊ.

“ಇನ್ನೊಂದು ಮಾತು. ಹೆಂಡತಿ ಬಂದು ಅತ್ತಳೆಂದು ಮಾತ್ರೆಯನ್ನು ಅವಳ ಕೈಗೆ ಕೊಡಬೇಡಿ. ಗಂಡನಿಗೆ ಗೊತ್ತಾಗದ ಹಾಗೆ ಮುದ್ದೆಯಲ್ಲಿ ಕಲಸಿಬಿಡುತ್ತಾಳೆ. ಮಾತ್ರೆ ಮೈಯಲ್ಲಿರುವಾಗಲೇ ಅವನು ಎಂದಿನಂತೆ ಹೋಗಿ ಕುಡಿಯುತ್ತಾನೆ. ಬರೀ ವಾಂತಿಯಾಗುತ್ತೆ ಅಂದುಕೊಂಡಿದ್ದೀರಾ? ಬಿಪಿ ಬಿದ್ದುಹೋಗುತ್ತೆ. ಹೋದ ತಿಂಗಳು ಒಬ್ಬ ಆಸ್ಪತ್ರೆ ತಲುಪುವ ಮೊದಲೇ ಸತ್ತ.”

ಸರಸಮ್ಮ ಅರ್ಧ ಕಚ್ಚಿದ್ದ ಬೋಂಡವನ್ನು ತಟ್ಟೆಗಿಟ್ಟಳು. ದೊಡ್ಡಆಲಹಳ್ಳಿಯ ಚಿಕ್ಕಲಕ್ಷ್ಮಮ್ಮನಿಗೆ ನಿನ್ನೆ ಸಂಜೆ ಮಾತ್ರೆ ಕೊಟ್ಟು ಕಳಿಸಿದವಳು ಇವಳೇ. ಒಂದು ಸಲ ಕಾರಿಕೊಂಡರೆ ಗಂಡನಿಗೆ ಬುದ್ಧಿ ಬರುತ್ತೆ ಎಂದು ಧೈರ್ಯ ಹೇಳಿದವಳೂ ಇವಳೇ. ಗಂಡ ಹೊಡೆದು ಊದಿಸಿದ್ದ ಆ ಹೆಂಗಸಿನ ಕೆನ್ನೆ ನೋಡಿದಾಗ ರೂಲ್ಸು ನೆನಪಾಗಿರಲಿಲ್ಲ. ಸರಸಮ್ಮ ಎದ್ದು ವರಾಂಡಕ್ಕೆ ಓಡಿ ಫೋನ್ ಹಚ್ಚಿದಳು.

“ಬೆಳಿಗ್ಗೆನೇ ಮುದ್ದೆಗೆ ಹಾಕ್ದೆ ಕಣಕ್ಕ. ಒಸೀನೂ ಗೊತ್ತಾಗ್ನಿಲ್ಲ!” ಚಿಕ್ಕಲಕ್ಷ್ಮಮ್ಮನ ದನಿಯಲ್ಲಿ ಗೆದ್ದ ಸಂಭ್ರಮವಿತ್ತು.

“ಈಗೆಲ್ಲವ್ರೆ?”

“ಕುರಿ ಮಾರಕ್ಕೆ ಸಂತೆಗೋದ್ರು. ಮಾರಿದ್ಮೇಲೆ ಎಲ್ಲಿಗೋಯ್ತಾರೆ ಅಂತ ನಿಂಗೊತ್ತಲ್ಲ.”

“ಫೋನ್ ಮಾಡಿ ಹೇಳ್ಬುಡು. ಕುಡಿದ್ರೆ ಜೀವಕ್ಕೇ ಅಪಾಯ ಅಂತೆ.”

“ಅಯ್ಯೋ, ಹೇಳಿದ್ರೆ ನನ್ನ ಸಾಯಿಸ್ಬುಡ್ತಾರೆ!”

“ಹೇಳ್ದಿದ್ರೆ ಅವ್ರು ಸಾಯ್ತಾರೆ ಕಣೇ!”

ಅತ್ತಲಿಂದ ಬರೀ ಅಳು ಕೇಳಿಸಿತು. ಗದರಿಸಿ ನಂಬರ್ ಹೇಳಿಸಿಕೊಂಡು ಸರಸಮ್ಮ ತಾನೇ ಆ ಗಂಡ ಕೆಂಪಯ್ಯನಿಗೆ ಫೋನ್ ಮಾಡಿದಳು. ರಿಂಗಾಗಿ ರಿಂಗಾಗಿ ನಿಂತುಹೋಯಿತು. ಮತ್ತೆ ಒತ್ತಿದಳು, ಮನೆದೇವರಿಗೆ ಹರಕೆಯನ್ನೂ ಹೊತ್ತಳು.

“ಯಾರವ್ವ?” ಹಿನ್ನೆಲೆಯಲ್ಲಿ ಬಾಟಲಿಗಳ ಸದ್ದು.

“ಕ್ಲಿನಿಕ್ ನರ್ಸು. ಕುಡಿದ್ಬುಟ್ರಾ?”

“ಈಗ ಲೋಟಕ್ಕೆ ಬುಟ್ಕಂಡೆ. ಯಾಕೆ?”

“ಮುಟ್ಬೇಡಿ, ಕೆಳಗಿಡಿ! ಬೆಳಿಗ್ಗೆ ಉಂಡ ಮುದ್ದೇಲಿ ಮಾತ್ರೆ ಇತ್ತು. ಕೊಟ್ಟೋಳು ನಾನು, ನಿಮ್ಮ ಹೆಂಡ್ತಿಗೇನೂ ಅನ್ಬೇಡಿ. ಒಂದು ಗುಟುಕು ಹೋದ್ರೂ ಜೀವ ಹೋಗ್ಬೋದು!”

ಲೋಟ ಮೇಜಿಗೆ ತಗುಲಿದ ಸದ್ದಾಯಿತು.

“ಹುರುಳಿಕಾಳು ಸಾರು ಮಾಡಿದ್ಲು,” ಎಂದ ಕೆಂಪಯ್ಯ. “ಇನ್ನೊಂದ್ ತುತ್ತು ಉಣ್ಣಿ ಅಂತ ಕೈ ಹಿಡ್ಕಂಡ್ಲು ಕಣವ್ವ. ಎಷ್ಟೋ ವರ್ಸ ಆಗಿತ್ತು ಅವ್ಳು ಹಂಗೆ ಕೈ ಹಿಡ್ದು.”

ವರಾಂಡದ ಮಾತೆಲ್ಲ ಕೇಳಿಸಿಕೊಂಡಿದ್ದ ಡಾಕ್ಟರಮ್ಮನಿಂದ ಸರಸಮ್ಮನಿಗೆ ಸರಿಯಾಗಿ ಮಂಗಳಾರತಿಯಾಯಿತು. ಆದರೆ ಪವಾಡವೆಂಬಂತೆ ಮಾರನೆಯ ದಿನ ಕೆಂಪಯ್ಯ ತಾನಾಗಿಯೇ ಕ್ಲಿನಿಕ್ಕಿಗೆ ಬಂದು ಹೆಸರು ಬರೆಸಿದ. ವೈದ್ಯರು ಹೇಳಿದ ದಿನದಿಂದ ಮಾತ್ರೆ ತೆಗೆದುಕೊಳ್ಳತೊಡಗಿದ. ಸರಸಮ್ಮ ಕೇಳಿದಾಗಲೆಲ್ಲ ಬಾಯಿ ತೆಗೆದು ನಾಲಿಗೆ ಎತ್ತಿ ತೋರಿಸುತ್ತಿದ್ದ. ಇವನಷ್ಟು ಶಿಸ್ತಿನ ರೋಗಿ ಇನ್ನೊಬ್ಬನಿಲ್ಲ ಎಂದು ಅವಳು ಎಲ್ಲರೆದುರು ಹೇಳಿಕೊಂಡು ತಿರುಗಿದಳು.

ತಿಂಗಳ ಮೇಲೆ ಅವನ ಜೊತೆ ಚಿಕ್ಕಲಕ್ಷ್ಮಮ್ಮನೂ ಬಂದಳು. ಕೆನ್ನೆಯ ಊತ ಇಳಿದಿತ್ತು, ಆದರೆ ಮೈ ಅರ್ಧಕ್ಕರ್ಧ ಇಳಿದುಹೋಗಿತ್ತು. ಸರಸಮ್ಮ ಗಾಬರಿಯಿಂದ ಅವಳನ್ನು ಪಕ್ಕಕ್ಕೆ ಕರೆದಳು.

“ಈಗ್ಲೂ ಹೊಡೀತಾರೇನೇ?”

“ಇಲ್ಲ ಕಣಕ್ಕ. ಕುಡಿಯಾಕಿಲ್ಲ, ಹೊಡಿಯಾಕಿಲ್ಲ.” ಬಾಗಿಲಲ್ಲಿ ನಿಂತಿದ್ದ ಗಂಡನ ಕಡೆ ನೋಡಿ ಅವಳು ದನಿ ತಗ್ಗಿಸಿದಳು. “ತಟ್ಟೆ ಇಕ್ಕಿದ್ರೆ ಮೊದಲ ತುತ್ತು ನಂಗೇ ಉಣ್ಣಿಸ್ತಾರೆ. ನಮ್ಮತ್ತೆ, ಮಗನ ಪಿರೂತಿ ನೋಡು ಅಂತ ನಗ್ತದೆ. ಇವ್ರು ಮಾತ್ರ ನಾನು ನುಂಗೋಗಂಟ ನನ್ನ ಮೊಕಾನೇ ನೋಡ್ತಾರೆ. ಆಮೇಲೆ, ಬಾಯಿ ತೆಗಿ, ನಾಲ್ಗೆ ಎತ್ತು ಅಂತಾರೆ.”