ಏಳನೆಯ ಕುರ್ಚಿ

ಬಡಗಿ ನಕ್ಷೆಯಲ್ಲಿದ್ದ ಕುರ್ಚಿಗಳನ್ನು ಮತ್ತೊಮ್ಮೆ ಎಣಿಸಿದ. ಆರು. ಮನೆಯಲ್ಲಿರುವವರು ಏಳು ಜನ.

"ಒಂದು ಕುರ್ಚಿ ಮರೆತಿದ್ದೀರಲ್ಲ, ಅಕ್ಕ."

"ಮರೆತಿಲ್ಲ," ಎಂದಳು ಆ ಮನೆಯ ಸೊಸೆ. "ಆ ತುದಿ ಖಾಲಿ ಇರ್ಲಿ."

ಊಟದ ಕೋಣೆಯೇ ವಿಚಿತ್ರ. ಮೇಜಿಗೆ ಆನೆಯ ಕಾಲು, ಕುರ್ಚಿಗಳಿಗೆ ಜಿರಾಫೆಯ ಕಾಲು, ಹತ್ತಲು ಎರಡೆರಡು ಮೆಟ್ಟಿಲು. ಮಂಚದುದ್ದದ ಸೌಟೊಂದು ದೀಪವಾಗಿ ಮೇಲಿಂದ ತೂಗಬೇಕು. ಎಲ್ಲವೂ ಹುಡುಗಾಟ. ಮೇಜಿನ ಎತ್ತರ ಮಾತ್ರ ಮೂರಡಿ ಏಳಿಂಚು. ಕೂದಲೆಳೆಯಷ್ಟೂ ಆಚೀಚೆ ಆಗಬಾರದು. ಅದಕ್ಕೆಂದೇ ಅವಳು ಗಂಟು ಹಾಕಿದ ದಾರವೊಂದನ್ನು ಕೊಟ್ಟಿದ್ದಳು.

"ನೋಡಿದವರು ನಗಬೇಕು," ಎಂದಳು. "ನಗ್ತಾ ನಗ್ತಾ ಬೇರೇನೂ ಕೇಳೋದನ್ನ ಮರೀಬೇಕು."

ಬಡಗಿಯ ತಲೆಯಲ್ಲಿ ಅನುಮಾನದ ಹುಳು ಹೊಕ್ಕಿತು. ವಯಸ್ಸಾದ ಅತ್ತೆ ಇಷ್ಟೆತ್ತರ ಹತ್ತುವುದುಂಟೇ? ಕೇಳಿದರೆ ಆಕೆ, "ನನ್ನ ಮಂಡಿ ಚಿಂತೆ ನಿನಗ್ಯಾಕಪ್ಪ? ಹಿಡಿಯೋಕೊಂದು ಕಂಬಿ ಇಡು, ಹತ್ತುತೀನಿ" ಎಂದರು. ಸೊಸೆಗೆ ಹೆದರಿ ಆಡಿದ ಮಾತು, ಎಂದುಕೊಂಡ ಬಡಗಿ.

ಕುರ್ಚಿಯಿಲ್ಲದವನು ಯಾರೆಂದು ಮೂರೇ ದಿನದಲ್ಲಿ ತಿಳಿಯಿತು: ಅವಳ ಗಂಡನ ಅಣ್ಣ. ಮದುವೆಯಿಲ್ಲದ, ಮಾತು ಕಡಿಮೆಯ ಮನುಷ್ಯ. ಉಳಿದವರೆಲ್ಲ ಹಳೆಯ ಮೇಜಿನ ಸುತ್ತ ಕೂತು ಉಂಡರೆ, ಆತ ಅಡುಗೆಮನೆಯ ಕಟ್ಟೆಯ ಬಳಿ ಗೋಡೆಗೆ ಮುಖಮಾಡಿ ನಿಂತೇ ಉಣ್ಣುತ್ತಿದ್ದ. ಬಾ, ಕೂತ್ಕೋ ಎಂದು ಒಬ್ಬರೂ ಕರೆಯಲಿಲ್ಲ. ಒಮ್ಮೆ ಬಡಗಿಯ ಪೆನ್ಸಿಲ್ ಉರುಳಿಹೋದಾಗ ಆತ ಬಾಗಿ ಎತ್ತಿಕೊಡಲಿಲ್ಲ. ಪಾದದಿಂದ ಮೆಲ್ಲಗೆ ಇತ್ತ ಸರಿಸಿ, ತಪ್ಪು ಮಾಡಿದವನಂತೆ ನಕ್ಕ. ಅವಮಾನ ನುಂಗಿ ನುಂಗಿ ಸೆಟೆದುಹೋಗಿದ್ದಾನೆ ಪಾಪ, ಎಂದು ಬಡಗಿಯ ಕರುಳು ಚುರ್ರೆಂದಿತು.

"ನಿಮ್ಮ ಭಾವ ಎಲ್ಲಿ ಕೂರ್ತಾರೆ?" ಕೊನೆಗೆ ಕೇಳಿಯೇಬಿಟ್ಟ.

"ಅವರ ವಿಷಯ ನನಗೆ ಬಿಡಿ." ಸೊಸೆ ಮುಖ ತಿರುಗಿಸಿದಳು.

ಮಹಡಿಯ ಕೆಲಸವನ್ನೂ ತನಗೇ ಕೊಡುವುದಾಗಿ ಅವಳು ಹೇಳಿದ್ದಳು. ಕೈತಪ್ಪಿದರೆ ತಪ್ಪಲಿ. ಬಡಗಿ ಉಳಿದ ಮರದಲ್ಲಿ, ಯಾರಿಗೂ ಹೇಳದೆ, ಏಳನೆಯ ಕುರ್ಚಿ ಮಾಡಿದ. ಎಲ್ಲಕ್ಕಿಂತ ಅಗಲವಾದದ್ದು, ಕೈಯಿಡಲು ನುಣುಪಾದದ್ದು.

ಕೋಣೆ ಸಿದ್ಧವಾದ ದಿನ ಮಧ್ಯಾಹ್ನ ಆರು ಜನ ಒಬ್ಬರನ್ನೊಬ್ಬರು ಹಿಡಿದುಕೊಂಡು, ನಗುತ್ತಾ ಹತ್ತಿ ಕೂತರು. ಭಾವ ಬಾಗಿಲಲ್ಲೇ ನಿಂತಿದ್ದ. ಬಡಗಿ ತನ್ನ ಕುರ್ಚಿಯನ್ನು ಹೊತ್ತು ತಂದು ಖಾಲಿ ತುದಿಯಲ್ಲಿ ಧೊಪ್ಪನೆ ಇಟ್ಟ.

"ಇದು ಅವರಿಗೆ. ಮನೆಮಗನನ್ನ ನಿಲ್ಲಿಸಿ ನೀವು ಉಣ್ಣೋದು ಚೆನ್ನಾಗಿರಲ್ಲ."

ಭಾವ ನಿಧಾನವಾಗಿ ಬಂದು ಕುರ್ಚಿಯ ಕೈಯನ್ನು ಸವರಿದ. ಆಮೇಲೆ ಅದನ್ನು ಪಕ್ಕಕ್ಕೆ ಸರಿಸಿ, "ಇದರಲ್ಲಿ ನೀವು ಕೂತ್ಕೊಳ್ಳಿ, ನಮ್ಮ ಜೊತೆ ಊಟ ಮಾಡಿ" ಎಂದು, ತಾನು ಆ ತುದಿಯಲ್ಲಿ ನಿಂತ. ಅವನ ಮೊಣಕೈ ಅಳೆದಿಟ್ಟಂತೆ ಮೇಜಿನ ಮೇಲೆ ಒರಗಿತು. ಆರೂ ಮುಖಗಳು ಅವನ ಮುಖದ ನೇರಕ್ಕಿದ್ದವು.

"ಅಪಘಾತದಲ್ಲಿ ಭಾವನ ಸೊಂಟದ ಕೀಲು ಬೆಸೆದುಹೋಗಿ ಹನ್ನೊಂದು ವರ್ಷ ಆಯ್ತು," ಎಂದಳು ಸೊಸೆ, ಕಣ್ಣೊರೆಸಿಕೊಳ್ಳುತ್ತಾ. "ಅವರಿಗೆ ಕೂರೋಕೆ ಆಗಲ್ಲ, ಅದಕ್ಕೇ ನಾವೆಲ್ಲ ಮೇಲೆ ಹತ್ತಿದ್ವಿ."