ಹರಿಯದ ಪ್ರತಿ

ಬೈಬಲ್‌ನ ಹೊಸ ಒಡಂಬಡಿಕೆಯ ಎರಡು ಪ್ರಾಚೀನ ಹಸ್ತಪ್ರತಿಗಳಲ್ಲಿ ಒಂದೇ ವಾಕ್ಯ ಎರಡು ಥರ ಇದ್ದರೆ ಯಾವುದನ್ನು ನಂಬಬೇಕು? ದೈವಶಾಸ್ತ್ರ ಕಾಲೇಜಿನ ಪ್ರೊಫೆಸರು ಇದರ ಮೇಲೆ ಆರುನೂರು ಪುಟದ ಗ್ರಂಥ ಬರೆದಿದ್ದರು. ಆ ವಿಷಯ ಎತ್ತದೆ ಅವರು ಒಂದು ಲೋಟ ಕಾಫಿ ಮುಗಿಸಿದ ಉದಾಹರಣೆಯಿಲ್ಲ.

"ಹಳೆಯದೇ ಸಾಚಾ ಅಂತಾರೆ, ದಡ್ಡರು! ಸಾವಿರದಾರುನೂರು ವರ್ಷವಾದರೂ ಒಂದು ಹಾಳೆ ಹರಿದಿಲ್ಲ ಅಂದರೆ ಏನರ್ಥ, ಸಲೋಮಿಯಮ್ಮ? ಅದನ್ನು ಯಾರೂ ಓದಿಲ್ಲ ಅಂತ! ಜನ ನಂಬಿದ ಪ್ರತಿ ಜನರ ಕೈಯಲ್ಲೇ ಸವೆದಿರುತ್ತದೆ. ಬೆಲೆ ಕೊಡಬೇಕಾದದ್ದು ಸವೆದದ್ದಕ್ಕೆ."

ಗ್ರಂಥಪಾಲಕಿ ಸಲೋಮಿಯಮ್ಮ ಭಕ್ತಿಯಿಂದ ತಲೆಯಾಡಿಸಿದರು.

ಮುಂದಿನ ವಾರ ಲೈಬ್ರರಿಯನ್ನು ಚಿಕ್ಕ ಕೋಣೆಗೆ ಸಾಗಿಸುವಂತೆ ಆಡಳಿತ ಮಂಡಳಿಯ ಆಜ್ಞೆಯಾಯಿತು. ಅರ್ಧದಷ್ಟು ಪುಸ್ತಕ ರದ್ದಿಗೆ ಹೋಗಲೇಬೇಕು. ಯಾವುದು ಇರಬೇಕು, ಯಾವುದು ಹೋಗಬೇಕು ಎಂಬುದು ಸಲೋಮಿಯಮ್ಮನ ಪಾಲಿಗೆ ಬಂತು.

ಪ್ರೊಫೆಸರು ಹೊಸ ಕೋಣೆಗೆ ಬಂದು ನೋಡಿದರು. ಬೆನ್ನು ಕಿತ್ತುಹೋದ ಕೀರ್ತನೆ ಪುಸ್ತಕಗಳು, ಎಣ್ಣೆ ಜಿಡ್ಡಿನ ಬೈಬಲ್‌ಗಳು ಕಪಾಟಿನಲ್ಲಿ ಮೆರೆಯುತ್ತಿದ್ದವು.

"ನನ್ನ ಗ್ರಂಥ ಎಲ್ಲಮ್ಮಾ? ಐದು ಪ್ರತಿ ಕೊಟ್ಟಿದ್ದೆನಲ್ಲ!"

"ತಾವು ಹೇಳಿದ ಹಾಗೇ ಆರಿಸಿದೆ ಸರ್. ಐದಕ್ಕೆ ಐದೂ ಒಂದು ಸುಕ್ಕಿಲ್ಲದೆ ಹೊಚ್ಚ ಹೊಸದಾಗಿಯೇ ಇದ್ದವು."