ಸಮಾಧಿಯ ಮುಂದೆ ಟ್ಯೂಬಾ

ಎಡೆ ಇಟ್ಟು ಕೈಮುಗಿದವರು ಇನ್ನೂ ಎದ್ದಿರಲಿಲ್ಲ. ನವೀನ್ ಕುಮಾರ್ ಬ್ಯಾಂಡಿನ ದೊಡ್ಡ ಹಿತ್ತಾಳೆ ವಾದ್ಯ ಟ್ಯೂಬಾವನ್ನು ಹೆಗಲಿಗೆ ಹೊತ್ತು ಕಡಲೆಕಾಯಿ ಹೊಲದ ಬದುವಿನ ಮೇಲೆ ಬಂದ. ಅಣ್ಣ ಅನಿಲ್ ಕುಮಾರನ ಸಮಾಧಿ ಆ ಹೊಲದ ಮೂಲೆಯಲ್ಲೇ ಇತ್ತು. ಅಂದು ವರ್ಷದ ಪೂಜೆ.

"ಅದುನ್ನ ಯಾಕ್ಲಾ ತಂದೆ ಇಲ್ಲಿಗೆ?" ಅಪ್ಪ ಸಣ್ಣರಂಗಯ್ಯ ಕೂತಲ್ಲಿಂದಲೇ ಕೇಳಿದ.

"ಅಣ್ಣಂಗೆ ಒಂದ್ ಪದ ನುಡಿಸ್ಬೇಕು ಅಪ್ಪ."

"ಊದಿ ಊದೀನೇ ಅವ್ನು ಎದೆ ಒಡ್ಕಂಡು ಹೋಗಿದ್ದು. ಎತ್ಕಂಡ್ ಹೋಗು."

ಅನಿಲ್ ಶಿರಾದಲ್ಲಿ ಮದುವೆ ಮೆರವಣಿಗೆಯೊಂದರ ಮುಂದೆ ಟ್ರಂಪೆಟ್ ನುಡಿಸುತ್ತಲೇ ಕುಸಿದು ಸತ್ತಿದ್ದ. ಅದೇ ಬ್ಯಾಂಡಿನ ಹಿಂದಿನ ಸಾಲಿನಲ್ಲಿ ಟ್ಯೂಬಾ ಹಿಡಿದು ಭೋಂ ಭೋಂ ಎನ್ನಿಸುತ್ತಿದ್ದ ನವೀನ್, ಹಾಡು ನಿಂತದ್ದೇಕೆಂದು ತಿಳಿಯದೆ ಇನ್ನೂ ಸ್ವಲ್ಪ ಹೊತ್ತು ಊದುತ್ತಲೇ ಇದ್ದ. ಅಂದಿನಿಂದ ಸಣ್ಣರಂಗಯ್ಯ ಮನೆಯೊಳಗೆ ವಾದ್ಯದ ಮಾತೆತ್ತಲು ಬಿಟ್ಟಿರಲಿಲ್ಲ.

"ನುಡಿಸ್ಲಿ ಬುಡಿ ಮಾವ," ಎಂದಳು ಅನಿಲನ ಹೆಂಡತಿ ಹರ್ಷಿತಾ. "ಅವ್ರೇ ಇವ್ನಿಗೆ, 'ಎಷ್ಟ್ ದಿನ ಹಿಂದೆ ನಿಂತ್ಕಂಡಿರ್ತೀಯ, ನಿನ್ ಟ್ಯೂಬಾನೇ ಮುಂದೆ ನಿಂತು ನುಡಿಯೋ ಅಂಥ ಪದ ಹುಡುಕು' ಅಂತ ಹೇಳ್ತಿದ್ರು."

ನವೀನ್ ವರ್ಷವಿಡೀ ಫೋನಿನಲ್ಲಿ ಹುಡುಕಿದ್ದ. ಕೆಲವು ಪದ ಮಕ್ಕಳ ಪಾಠದಷ್ಟು ಸುಲಭ, ಕೆಲವಕ್ಕೆ ಅವನ ಉಸಿರೇ ಸಾಲದು. ಕಡೆಗೊಂದು ಜಾಜ್ ಸಂಗೀತದ ತುಣುಕು ಸಿಕ್ಕಿತು. ಅಷ್ಟು ದೊಡ್ಡ ವಾದ್ಯ ಅದರಲ್ಲಿ ಮೇಕೆಮರಿಯಂತೆ ನೆಗೆಯಬೇಕು. ಅಪ್ಪನ ಕಿವಿಗೆ ಬೀಳದಂತೆ ದೂರದ ಪಂಪ್‌ಹೌಸಿನಲ್ಲಿ ಕೂತು, ತುಟಿ ಬಾತುಕೊಳ್ಳುವವರೆಗೂ ಅದನ್ನೇ ಊದಿದ್ದ.

ಸಣ್ಣರಂಗಯ್ಯ ಮುಖ ತಿರುಗಿಸಿಕೊಂಡ. ನವೀನ್ ಶುರು ಮಾಡಿದ. ಹರ್ಷಿತಾಳ ತುಟಿಯ ಮೇಲೆ ನಗು ಮೂಡಿ, ಹಿಂದೆಯೇ ಕಣ್ಣು ತುಂಬಿತು.

"ಇದು ಕುಣಿಯೋ ಪದ ಕಣ್ಲಾ," ಎಂದು ಅಪ್ಪ ಗದರುವಷ್ಟರಲ್ಲಿ ಸ್ವರ ತಟ್ಟನೆ ನಿಂತಿತು. ನವೀನ್ ವಾದ್ಯವನ್ನು ತುಟಿಯಿಂದ ತೆಗೆಯದೆ, ಪಾದದಲ್ಲಿ ತಾಳ ಹಾಕುತ್ತ ಸುಮ್ಮನಿದ್ದ. ಮತ್ತೆ ಊದಿದ. ಮತ್ತೆ ನಿಲ್ಲಿಸಿದ.

"ಯಾಕ್ಲಾ ನಿಲ್ಲುಸ್ತೀಯ? ಉಸ್ರು ಸಾಲ್ದಾ?"

"ಇದು ಮಾತುಕತೆ ಇದ್ದಂಗೆ ಅಪ್ಪ. ನಾನೊಂದಷ್ಟು ನುಡುಸ್ತೀನಿ, ಅದುಕ್ಕೆ ಟ್ರಂಪೆಟ್ ಉತ್ರ ಕೊಡ್ಬೇಕು. ಆ ಜಾಗಾನೂ ನಾನೇ ನುಡಿಸ್ಕಬೋದಿತ್ತು. ಮನ್ಸು ಬರ್ಲಿಲ್ಲ."

ಸಣ್ಣರಂಗಯ್ಯ ಸಮಾಧಿಯತ್ತ ತಿರುಗಿ, ಅದರ ಮೇಲಿಂದ ಜಾರಿದ್ದ ಚೆಂಡುಹೂವನ್ನು ಸರಿಯಾಗಿ ಇಟ್ಟ.

"ಮೊದ್ಲಿಂದ ನುಡ್ಸು," ಎಂದ.

ನವೀನ್ ಮೊದಲಿನಿಂದ ನುಡಿಸಿದ. ಸ್ವರ ನಿಂತಾಗ, ಮುಗಿಯಿತೆಂದುಕೊಂಡ ನೆಂಟರೊಬ್ಬರು ಊಟಕ್ಕೆ ಎಲೆ ಹಾಕುವ ಮಾತೆತ್ತಿದರು. ಸಣ್ಣರಂಗಯ್ಯ ಕೈಯೆತ್ತಿ ತಡೆದ.

"ಸುಮ್ಕಿರಪ್ಪ. ಈಗ ದೊಡ್ಡೋನು ನುಡುಸ್ತಾವ್ನೆ."